ಕ್ಷೌರದಂಗಡಿಗೆ ಬಂದ ಡಾಕ್ಟರು

ಕಾಮೊಜಿಮಾ ದ್ವೀಪದ ಕ್ಷೌರಿಕ ಇಸಾಬುರೊಗೆ ತನ್ನ ಹೃದಯದ ಕಾಯಿಲೆಯಿಂದ ಒಂದೇ ಒಂದು ಸುಖವಿತ್ತು. ತಿಂಗಳಿಗೊಮ್ಮೆ ಲಾಂಚು ಹತ್ತಿ ಆಚೆ ದಡದ ಪೇಟೆಗೆ ಹೋಗುವುದು. ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮಿನೆಗಿಶಿ ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಉಪ್ಪು ಕಡಿಮೆ ಮಾಡಿದ್ದೀರಾ ಅಜ್ಜ?" ಎಂದು ಕೇಳುತ್ತಿದ್ದಳು.

"ಮುಟ್ಟೋದೇ ಇಲ್ಲ ಡಾಕ್ಟ್ರೇ."

ಹಾಗೆಂದವನು ಅಲ್ಲಿಂದ ನೆಟ್ಟಗೆ ಬಂದರಿನ ಪಕ್ಕದ ರಾಮೆನ್ ಅಂಗಡಿಗೆ ನಡೆಯುತ್ತಿದ್ದ. ಹಂದಿಮಾಂಸದ ತುಂಡುಗಳಿದ್ದ ದೊಡ್ಡ ಬಟ್ಟಲು ತರಿಸಿಕೊಂಡು, ಶಾವಿಗೆ ಮುಗಿದ ಮೇಲೆ ಉಪ್ಪುಪ್ಪಾದ ಸಾರನ್ನು ತಳ ಕಾಣುವವರೆಗೆ ಕುಡಿಯುತ್ತಿದ್ದ. ಮನೆಗೆ ಬಂದರೆ ಹೆಂಡತಿ ಫುಸಾಯೆ ಬಾಗಿಲಲ್ಲೇ ಕೇಳುವಳು: "ಏನಂದ್ರು ಡಾಕ್ಟ್ರು?"

"ಎಲ್ಲಾ ಸರಿಯಿದೆಯಂತೆ. ಮಿಸೊ ಸಾರು ಇಷ್ಟೊಂದು ಸಪ್ಪೆ ಮಾಡಬೇಡಿ ಅಂದ್ರು."

ಡಾಕ್ಟರಿಗೊಂದು ಸುಳ್ಳು, ಹೆಂಡತಿಗೊಂದು ಸುಳ್ಳು. ನಡುವೆ ಸಮುದ್ರ ಇರುವತನಕ ಎರಡಕ್ಕೂ ಆಪತ್ತಿರಲಿಲ್ಲ.

ಹೀಗಿರುವಾಗ ಡಾಕ್ಟರು, ಚಳಿಗಾಲದಲ್ಲಿ ಇಷ್ಟು ದೂರ ಬರುವುದು ಬೇಡ, ಟ್ಯಾಬ್‌ನಲ್ಲಿ ಮುಖ ನೋಡಿ ಮಾತಾಡೋಣ ಎಂದಾಗ ಇಸಾಬುರೊಗೆ ಸಿಟ್ಟೇ ಬಂತು. "ಗಾಜಿನೊಳಗೆ ಕೂತ್ಕೊಂಡು ನನ್ನ ಎದೆ ಬಡಿತ ಕೇಳಿಸ್ಕೊಳ್ತೀರಾ? ನಾನೇನು ಗಿರಾಕಿ ತಲೆಯನ್ನ ಫೋನಲ್ಲಿ ಬೋಳಿಸ್ತೀನಾ?" ಅಂಗಡಿಗೆ ಬಂದವರಿಗೆಲ್ಲ ಈ ಮಾತನ್ನು ಹೇಳಿ ಹೇಳಿ ತಾನೇ ನಕ್ಕ.

ಮರು ತಿಂಗಳು ಗಾಳಿ ಎದ್ದಿತು. ಲಾಂಚು ನಿಂತಿತು. ಇಂದು ಬಿಟ್ಟೀತು, ನಾಳೆ ಬಿಟ್ಟೀತು ಎಂದು ಕಾಯುವುದರಲ್ಲೇ ಇಸಾಬುರೊನ ಪಾದಗಳು ಊದಿಕೊಂಡವು, ಚಪ್ಪಲಿಗೆ ಕಾಲು ತೂರದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ರೇಡಿಯೊ ಕೇಳುವ ನೆಪ ಹೇಳಿ ಅಂಗಡಿಗಿಳಿದು, ಕ್ಷೌರದ ಕುರ್ಚಿಯಲ್ಲಿ ಕೂತೇ ಕಣ್ಣು ಮುಚ್ಚುತ್ತಿದ್ದ. ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಟ್ಯಾಬು ಬಂದುಬಿಡುತ್ತದಲ್ಲ.

ಹೇಳದಿದ್ದರೂ ಬಂತು. ಒಂದು ಬೆಳಿಗ್ಗೆ ಮೀನುಗಾರ ಟೊಕುಜೊನ ಮುಖಕ್ಕೆ ನೊರೆ ಹಚ್ಚಿ, ಒಂದು ಕೆನ್ನೆ ಕೆರೆದು ಮುಗಿಸಿದ್ದನಷ್ಟೆ. ದ್ವೀಪದ ನರ್ಸ್ ಸುಜುನೊ ಒಳಗೆ ಬಂದು ಕನ್ನಡಿಯ ಕೆಳಗೆ ಟ್ಯಾಬ್ ನಿಲ್ಲಿಸಿದಳು. ಅವಳ ಹಿಂದೆ ಫುಸಾಯೆ, ಏಪ್ರನ್‌ಗೆ ಕೈ ಒರೆಸುತ್ತ. ಗಾಜಿನಲ್ಲಿ ಮಿನೆಗಿಶಿಯ ಮುಖ ಮೂಡಿತು.

"ನಮಸ್ಕಾರ ಅಜ್ಜ. ಪಕ್ಕದಲ್ಲಿ ನಿಮ್ಮ ಮನೆಯವರಾ?"

"ಅವಳಿಗೆ ಒಲೆ ಮುಂದೆ ಕೆಲಸ ಇದೆ," ಎಂದ ಇಸಾಬುರೊ.

"ಒಲೆ ಆರಿಸೇ ಬಂದಿದ್ದೀನಿ," ಎಂದಳು ಫುಸಾಯೆ. "ಡಾಕ್ಟ್ರೇ, ನೀವು ಹೇಳಿದ ಹಾಗೆ ಸಾರು ಸಪ್ಪೆ ಆಗದಂತೆ ಉಪ್ಪಿನ ಮಿಸೊ ಜಾಸ್ತಿ ಹಾಕ್ತಾ ಇದ್ದೀನಿ."

"ನಾನು ಹೇಳಿದ್ದಾ?"

ಟೊಕುಜೊ ಅರ್ಧ ನೊರೆಯ ಮುಖವನ್ನು ಮೆಲ್ಲನೆ ಟ್ಯಾಬಿನ ಕಡೆ ತಿರುಗಿಸಿದ. "ಪೇಟೆಯಲ್ಲಿ ಇವನು ರಾಮೆನ್ ತಿನ್ನೋದನ್ನೂ ನೀವೇ ಹೇಳಿದ್ದಂತಲ್ಲ ಡಾಕ್ಟ್ರೇ? ಎದೆಗೆ ಬಿಸಿ ಬೇಕು ಅಂತ?"

"ನೀನು ಬಾಯಿ ಮುಚ್ಚು, ಕತ್ತಿ ಇನ್ನೂ ನನ್ನ ಕೈಲೇ ಇದೆ," ಎಂದ ಇಸಾಬುರೊ.

ಫುಸಾಯೆ ಬೈಯುತ್ತಾಳೆಂದು ಅವನು ತಲೆ ತಗ್ಗಿಸಿ ಕಾದ. ಅವಳು ಬೈಯಲಿಲ್ಲ. ಟ್ಯಾಬಿನ ಹತ್ತಿರ ಬಾಗಿ, ಕಿವಿ ಮಂದವಾದವರಿಗೆ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಇವರು ಹಾಸಿಗೆಯಲ್ಲಿ ಮಲಗ್ತಾ ಇಲ್ಲ ಡಾಕ್ಟ್ರೇ. ಈ ಕುರ್ಚಿಯಲ್ಲೇ ಕೂತು ನಿದ್ದೆ ಮಾಡ್ತಾರೆ."

"ನಿನಗೆ ಹೇಗೆ ಗೊತ್ತು?"

"ದಿನಾ ನಿಮ್ಮ ಮೇಲೆ ಕಂಬಳಿ ಹೊದಿಸಿದ್ದು ಯಾರು ಅಂದ್ಕೊಂಡ್ರಿ? ಟೊಕುಜೊನಾ?"

ಕಂಬಳಿಯನ್ನು ತಾನೇ ಹೊದ್ದಿದ್ದೆನೆಂದು ಇಸಾಬುರೊ ನಂಬಿದ್ದ. ಅವನ ಕಿವಿಗಳು ಕೆಂಪಾದವು.

ಡಾಕ್ಟರ ಮುಖದ ನಗು ಹೋಗಿತ್ತು. ಪಾದ ತೋರಿಸಲು ಹೇಳಿದಳು. ಸುಜುನೊ ಅವನ ಕಾಲುಚೀಲ ಕಳಚಿ ಹೆಬ್ಬೆರಳಿಂದ ಒತ್ತಿದಳು, ಗುಳಿ ಬಿದ್ದದ್ದು ಹಾಗೇ ನಿಂತಿತು. ತೂಕ ನೋಡಿದರು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಸಿಕ್ಕಿಸಿದರು. "ಮೈಯಲ್ಲಿ ನೀರು ತುಂಬಿದೆ ಅಜ್ಜ," ಎಂದಳು ಮಿನೆಗಿಶಿ. "ನೀರಿಳಿಸೋ ಮಾತ್ರೆ ಹೆಚ್ಚು ಮಾಡ್ತೀನಿ. ಸುಜುನೊ ದಿನಾ ಬಂದು ನೋಡ್ತಾರೆ. ಉಸಿರು ಇನ್ನೂ ಕಷ್ಟವಾದರೆ ಹೆಲಿಕಾಪ್ಟರ್ ಕಳಿಸ್ತೀನಿ, ಆಗ ತಕರಾರು ಮಾಡಬೇಡಿ. ಕುರ್ಚಿ ವಿಷಯ ಯಾಕೆ ಮುಚ್ಚಿಟ್ರಿ?"

"ನೀವು ಬೈತೀರಿ ಅಂತ."

"ಬೈಯೋದಕ್ಕೆ ಪಕ್ಕದಲ್ಲೇ ಇದ್ದಾರಲ್ಲ. ನನಗೆ ನಿಜ ಹೇಳಿದ್ರೆ ಸಾಕು."

ಹೆಲಿಕಾಪ್ಟರ್ ಬೇಕಾಗಲಿಲ್ಲ. ಮಾತ್ರೆಯ ದೆಸೆಯಿಂದ ಕಕ್ಕಸಿಗೆ ಓಡಾಡಿ ಓಡಾಡಿ ಇಸಾಬುರೊ ಸುಸ್ತಾದ, ಆದರೆ ಪಾದದ ಮೂಳೆಗಳು ಮತ್ತೆ ಕಂಡವು. ವಾರ ತುಂಬುವುದರೊಳಗೆ ಹಾಸಿಗೆಯಲ್ಲಿ ಮಲಗಿ, ಗೊರಕೆ ಹೊಡೆದು, ಫುಸಾಯೆಯ ನಿದ್ದೆ ಕೆಡಿಸಿದ. ಅವಳು ದೂರಲಿಲ್ಲ. ಗಾಳಿ ಇಳಿದು ಲಾಂಚು ಬಿಟ್ಟಾಗ ಅವನು ಹತ್ತಲಿಲ್ಲ. ಗಡ್ಡ ಬೋಳಿಸಿಕೊಂಡು, ಒಳ್ಳೆಯ ಕೋಟು ತೊಟ್ಟು, ಟ್ಯಾಬಿನ ಮುಂದೆ ಕೂತ. ಫುಸಾಯೆಗೂ ಒಂದು ಕುರ್ಚಿ ಎಳೆದು ಹಾಕಿದ.

ಇದನ್ನೆಲ್ಲ ನೋಡಿದ್ದ ಟೊಕುಜೊ ಒಂದು ದಿನ ಗಡ್ಡದ ನೆಪದಲ್ಲಿ ಬಂದು ಕೂತ. ಅವನಿಗೂ ಹೃದಯದ ಕಾಯಿಲೆ, ರಕ್ತನಾಳದಲ್ಲಿ ಎರಡು ಸ್ಟೆಂಟ್ ಇದ್ದವು.

"ನನಗೂ ಹೇಳಿದ್ದಾರೆ, ಟ್ಯಾಬಲ್ಲೇ ತೋರಿಸ್ಕೋ ಅಂತ. ಹೇಗಿರುತ್ತೆ ಮಾರಾಯ?"

ಇಸಾಬುರೊ ನೊರೆ ಕಲಸಿದ. "ಡಾಕ್ಟ್ರಿಂದ ತೊಂದರೆ ಇಲ್ಲ. ಪಕ್ಕದಲ್ಲಿ ಕೂತೋರು ಎಲ್ಲಾ ಹೇಳಿಬಿಡ್ತಾರೆ, ಅದೇ ಕಷ್ಟ."

"ನನ್ನ ಪಕ್ಕ ಕೂರೋಕೆ ಯಾರಿದ್ದಾರೆ," ಎಂದ ಟೊಕುಜೊ. ಅವನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು.

"ನಾನು ಬರ್ತೀನಿ," ಎಂದ ಇಸಾಬುರೊ, ಅವನ ಗಲ್ಲ ಮೇಲೆತ್ತಿ. "ನೀನು ದೋಣಿಯಲ್ಲಿ ಕದ್ದು ಸಿಗರೇಟು ಸೇದೋದು ನನಗೊಬ್ಬನಿಗೇ ತಾನೆ ಗೊತ್ತಿರೋದು."