ಒತ್ತಿದರೂ ಕೇಳದ ಕೆಂಪು ಗುಂಡಿ

ಇಡೀ ಆಪರೇಟಿಂಗ್ ಸಿಸ್ಟಮ್ ಒಂದನ್ನು ನಾನೊಬ್ಬನೇ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹನ್ನೊಂದು ದಿನದಲ್ಲಿ ಬರೆದು ಬಿಸಾಕಿದವನು. ನಿಜ ಹೇಳಬೇಕೆಂದರೆ ಒಂಬತ್ತೇ ದಿನ. ಉಳಿದೆರಡು ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಹೋದವು. ಬೇರೆಯವರಾದರೆ ನೂರು ಜನ ಸೇರಿ ಮೊಮ್ಮಕ್ಕಳ ಕಾಲದವರೆಗೆ ತಿಣುಕುತ್ತಿದ್ದರು.

ಅದನ್ನು ಬರೆದದ್ದು ಅಕ್ಕ-ಭಾವನ ವರ್ಕ್‌ಶಾಪಿನ ತಗಡು ಒತ್ತುವ ಪ್ರೆಸ್ಸಿಗಾಗಿ. ಎಂಬತ್ತು ಟನ್ ಬಲದ ಅಚ್ಚು ತಗಡಿನ ಮೇಲೆ ಬಿದ್ದರೆ ಮೂರು ಬೀದಿಯಾಚೆಯ ನಾಯಿ ನಿದ್ದೆಯಲ್ಲೇ ಎದ್ದು ನಿಲ್ಲುತ್ತಿತ್ತು. ಒಂದು ಏಟು ಬಿದ್ದಮೇಲೆ ಆಚೆ ಬದಿಯ ರೋಲರ್ ತಗಡನ್ನು ನಾಲ್ಕು ಬೆರಳಗಲ ಎಳೆದುಕೊಳ್ಳುತ್ತದೆ, ಮತ್ತೆ ಏಟು. ಈಚೆ ಬದಿಯಲ್ಲಿ ನಿಂತು ತಗಡು ಕೊಡುವವನು ಭಾವ.

ಮೊದಲೆಲ್ಲ ಅವನ ಪಕ್ಕದಲ್ಲಿದ್ದ ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿದರೆ ನೇರ ಕರೆಂಟೇ ಹೋಗುತ್ತಿತ್ತು. ಇದೆಂಥ ಕಾಡುಪದ್ಧತಿ, ನನ್ನ ಸಿಸ್ಟಮ್ ಇರುವಾಗ ಗುಂಡಿಯೂ ಅದರ ಅಪ್ಪಣೆ ಕೇಳಲಿ ಎಂದು ಆ ತಂತಿ ಕಿತ್ತು ಸಿಸ್ಟಮ್ ಓಡುವ ನನ್ನ ಬೋರ್ಡಿಗೆ ಸೇರಿಸಿದೆ. ಪರೀಕ್ಷೆ ಮಾಡಿದೆವು; ಗುಂಡಿ ಒತ್ತಿದರೆ ನಿಂತಿತು. ಮರುದಿನ ಬೆಳಿಗ್ಗೆ, ಇನ್ನಷ್ಟು ಚುರುಕಾಗಲಿ ಎಂದು ನಾನು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ ವೇಗದ ಆಯ್ಕೆ ಕೊಟ್ಟು ಪ್ರೋಗ್ರಾಮನ್ನು ಬೋರ್ಡಿಗೆ ಹೊಸದಾಗಿ ತುಂಬಿದೆ. ನೂರು ದಿನ ನಿಲ್ಲಿಸದೆ ಓಡಿಸುತ್ತೇನೆಂದು ಎಲ್ಲರೆದುರು ಕೊಚ್ಚಿಕೊಂಡಿದ್ದೆನಲ್ಲ, ಯಾರೂ ಆರಿಸದಿರಲಿ ಎಂದು ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಬೇರೆ ಜಡಿದೆ. ಗುಂಡಿಯನ್ನು ಮತ್ತೆ ಒತ್ತಿ ನೋಡಲಿಲ್ಲ. ನಿನ್ನೆ ತಾನೇ ನೋಡಿದ್ದೆವಲ್ಲ.

ಹತ್ತು ಗಂಟೆಗೆ ತಗಡಿನ ಮುರಿದ ಅಂಚು ಮಣಿಕಟ್ಟಿಗೆ ಪಟ್ಟಿ ಬಿಗಿದಿದ್ದ ಭಾವನ ಚರ್ಮದ ಕೈಗವಸಿಗೆ ಕೊಕ್ಕೆಯಂತೆ ಸಿಕ್ಕಿಕೊಂಡಿತು. ಏಟು ಬಿತ್ತು. ತಗಡಿನ ಜೊತೆ ಕೈಯೂ ನಾಲ್ಕು ಬೆರಳಗಲ ಒಳಕ್ಕೆ ಹೋಯಿತು.

"ನಿಲ್ಸೋ," ಅಂದ ಭಾವ.

"ಗುಂಡಿ ಒತ್ತಿ ಭಾವ."

"ಒತ್ತಿದೀನಿ ಕಣೋ. ನಾಲ್ಕು ಸಲ ಒತ್ತಿದೆ."

ಏಟು.

"ಸರಿಯಾಗಿ ಒತ್ತಿ. ನಿನ್ನೆ ಕೆಲಸ ಮಾಡಿದೆ."

ಮನುಷ್ಯನೊಬ್ಬನ ಕೈ ಅಚ್ಚಿನ ಬಾಯಿಗೆ ಹೋಗುತ್ತಿರುವಾಗ ನಾನು ನನ್ನ ಪ್ರೋಗ್ರಾಮಿನ ಮರ್ಯಾದೆ ಕಾಯುತ್ತಿದ್ದೆ. ಆಮೇಲೆ ಬೀಗದ ಕೀ ನೆನಪಾಯಿತು. ನನ್ನ ಪ್ಯಾಂಟಿಗಿದ್ದದ್ದು ಎರಡೇ ಜೇಬು, ಆವತ್ತು ಹದಿನಾರಾದವು.

ವೆಲ್ಡಿಂಗ್ ಮಾಡುತ್ತಿದ್ದ ಅಕ್ಕ ಮುಖವಾಡ ಎತ್ತಿ ನೋಡಿದಳು. ಹತ್ತು ಸೇರಿನ ಸುತ್ತಿಗೆ ಎತ್ತಿದಳು. ಮೊದಲ ಹೊಡೆತಕ್ಕೆ ಬೀಗ ಹಾರಿ ನನ್ನ ಕೆನ್ನೆ ಸೀಳಿತು, ಎರಡನೆಯದಕ್ಕೆ ಪೆಟ್ಟಿಗೆಯ ಬಾಗಿಲು ಮಡಚಿಕೊಂಡಿತು. ಅಷ್ಟರಲ್ಲಿ ಅಚ್ಚು ಮತ್ತೊಮ್ಮೆ ಬಿತ್ತು. ಈ ಸಲದ ಸದ್ದು ಬೇರೆಯಾಗಿತ್ತು, ಹಸಿಯಾಗಿತ್ತು. ಅವಳು ಸ್ವಿಚ್ ಎಳೆದಳು.

ಭಾವನ ಎರಡು ಬೆರಳು ಕೈಗವಸಿನಲ್ಲೇ ಉಳಿದವು. ರಕ್ತ ತಗಡಿನ ಮೇಲೆ ಹರಿದು ರೋಲರಿನ ತನಕ ಹೋಯಿತು. ಆಂಬುಲೆನ್ಸ್ ಬರುವವರೆಗೆ ಅಕ್ಕ ಒಂದು ಕೈಯಲ್ಲಿ ಗಂಡನ ಮಣಿಕಟ್ಟು ಹಿಸುಕಿ ಹಿಡಿದಿದ್ದಳು, ಇನ್ನೊಂದರಲ್ಲಿ ನನ್ನ ಕುತ್ತಿಗೆ. ನನ್ನ ತಲೆಯನ್ನು ಕಂಟ್ರೋಲ್ ಪೆಟ್ಟಿಗೆಗೆ ಏಳು ಸಲ ಚಚ್ಚಿದಳು. ನನ್ನ ತಲೆಗೇನೂ ಆಗಲಿಲ್ಲ. ಪೆಟ್ಟಿಗೆ ತಗ್ಗಾಯಿತು.

ತಪ್ಪು ಸಿಕ್ಕಿತು. ಗುಂಡಿಯ ಸ್ಥಿತಿ ಹೊರಗಿನಿಂದ ಯಾವ ಗಳಿಗೆಯಲ್ಲಾದರೂ ಬದಲಾಗಬಹುದು, ಪ್ರತಿಸಲವೂ ಹೋಗಿ ನೋಡು ಎಂದು ಕಂಪೈಲರಿಗೆ ಹೇಳಲು ಸಿ ಭಾಷೆಯಲ್ಲಿ ವೊಲಟೈಲ್ ಎಂಬ ಒಂದು ಪದವಿದೆ. ನಾನು ಹಾಕಿರಲಿಲ್ಲ. ನಿಧಾನದ ಆಯ್ಕೆಯಲ್ಲಿ ಅದು ಪಾಪದ ಕೂಲಿಯವನಂತೆ ಪ್ರತಿಸಲ ಹೋಗಿ ನೋಡುತ್ತಿತ್ತು. ವೇಗ ಕೇಳಿದೆನಲ್ಲ, ಬುದ್ಧಿ ಓಡಿಸಿತು: ಈ ಸಾಲುಗಳಲ್ಲಿ ಯಾರೂ ಇದನ್ನು ಬದಲಾಯಿಸುತ್ತಿಲ್ಲ, ಮತ್ತೇಕೆ ನೋಡಲಿ? ಬೆಳಿಗ್ಗೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಿತ್ತು.

ಪದ ಹಾಕಿದೆ. ಕಿತ್ತ ತಂತಿಯನ್ನೂ ಮೊದಲಿನಂತೆ ಕಟ್ಟಿದೆ. ಭಾವ ಎರಡು ತಿಂಗಳ ಮೇಲೆ ಎಂಟು ಬೆರಳಿನೊಂದಿಗೆ ಬಂದ.

"ಸರಿಯಾಗಿದೆಯಾ?" ಅಂದಳು ಅಕ್ಕ.

"ಸಾವಿರ ಸಲ ನೋಡಿದೀನಿ ಅಕ್ಕ."

"ಯಾರ ಕೈ ಇಟ್ಟು?"

ಆ ಹಳೆಯ ಕೈಗವಸನ್ನು ನನ್ನ ಕೈಗೆ ತೊಡಿಸಿ ಪಟ್ಟಿ ಬಿಗಿದಳು. ಎರಡು ಬೆರಳಿನ ಜಾಗದಲ್ಲಿ ಚರ್ಮ ಒಣಗಿ ಕಪ್ಪಾಗಿತ್ತು. ಅದನ್ನು ತಗಡಿಗೆ ಕ್ಲಾಂಪ್ ಹಾಕಿ ಕಚ್ಚಿಸಿದಳು. ಪ್ರೆಸ್ ಶುರುವಾಯಿತು. ಏಟು. ನಾಲ್ಕು ಬೆರಳಗಲ. ಏಟು.

"ಭಾವ, ಒತ್ತಿ."

"ತಾಳಪ್ಪ. ಸರಿಯಾಗಿ ಒತ್ತಬೇಕಲ್ಲ."

ಏಟು. ಅಚ್ಚಿನ ಬಿಸಿಗಾಳಿ ಬೆರಳ ತುದಿಗೆ ತಾಗಿತು. ಭಾವ ಒತ್ತಿದ. ನಿಂತಿತು.

ನಾನು ಒಂದು ಹನಿಯೂ ಬೆವರಲಿಲ್ಲ. ಪ್ಯಾಂಟು ಒದ್ದೆಯಾದದ್ದು ಬೇರೆ ಕಾರಣಕ್ಕೆ.

"ಇನ್ಮೇಲೆ ಒಂದು ಸಾಲು ತಿದ್ದಿದ್ರೂ ಪರೀಕ್ಷೆ ಹೀಗೇ," ಎಂದಳು ಅಕ್ಕ, ಕೈಗವಸನ್ನು ನನ್ನ ಕೀಬೋರ್ಡಿನ ಮೇಲೆ ಮೊಳೆಗೆ ನೇತುಹಾಕುತ್ತ.

ನನ್ನ ಹತ್ತೂ ಬೆರಳು ಇಂದಿಗೂ ಇವೆ. ಈಗ ಒಂದು ಸಾಲು ಬರೆಯಲು ನನಗೆ ಹನ್ನೊಂದು ದಿನ ಬೇಕು.