ಕಪ್ಪು ಕಾರಿಗೆ ನಾಲ್ಕು ಕಣ್ಣು

ಕಪ್ಪು ಬಣ್ಣದ ಕಾರು ಬಂದರೆ ನಾಗಣ್ಣ ಏನಾದರೊಂದು ನೆಪ ಹೇಳಿ ವಾಪಸ್ ಕಳಿಸುತ್ತಿದ್ದ. ಮೆಷಿನ್ ರಿಪೇರಿಗೆ ಹೋಗಿದೆ ಎನ್ನುವನು, ಇಲ್ಲವೇ ಪಾಲಿಶ್ ಮುಗಿದಿದೆ ಎನ್ನುವನು. ಬಿಳಿ ಕಾರು, ಬೆಳ್ಳಿ ಬಣ್ಣದ ಕಾರುಗಳನ್ನಷ್ಟೇ ಶೆಡ್ಡಿನೊಳಗೆ ಬಿಟ್ಟುಕೊಳ್ಳುವನು. ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು ವರ್ಷಗಟ್ಟಲೆ ಕಾರುಗಳಿಗೆ ಬಣ್ಣ ಹೊಡೆದು, ಪಾಲಿಶ್ ಮಾಡಿ ಹೆಸರು ಮಾಡಿದವನು ಹೀಗೇಕೆ ಆಡುತ್ತಾನೆ ಎಂದು ಅವನ ಹೆಂಡತಿ ಉಚ್ಚಂಗಮ್ಮನಿಗೂ ತಿಳಿದಿರಲಿಲ್ಲ. ಶೆಡ್ಡಿನ ಪಕ್ಕದಲ್ಲೇ ಅವಳದೊಂದು ಟೀ, ಮಂಡಕ್ಕಿ-ಮೆಣಸಿನಕಾಯಿಯ ಗೂಡಂಗಡಿ ಇತ್ತು.

ನಿಜ ಏನೆಂದರೆ, ನಾಗಣ್ಣನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಬಿಳಿ ಬಣ್ಣದ ಮೇಲೆ ಸಣ್ಣಪುಟ್ಟ ಗೀರು ಉಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಪ್ಪು ಹಾಗಲ್ಲ, ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದ್ದನ್ನೂ ತೋರಿಸಿಬಿಡುತ್ತದೆ. ಆಸ್ಪತ್ರೆಗೆ ಹೋಗಲು ಅವನಿಗೆ ಭಯ. ಅವನ ದೊಡ್ಡಪ್ಪ ಕೆಂಚಪ್ಪ ಹಿಂದೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದ. ಆಮೇಲೆ ಇದ್ದ ಮಬ್ಬು ದೃಷ್ಟಿಯೂ ಹೋಗಿತ್ತು. ಇರುವಷ್ಟು ದಿನ ಇರಲಿ ಎಂದು ನಾಗಣ್ಣ ಸುಮ್ಮನಿದ್ದ.

ಹೊಸದುರ್ಗದಲ್ಲಿ ಪಶುವೈದ್ಯೆಯಾಗಿದ್ದ ದೇವಿಕಾ ತನ್ನ ಕಾರು ತಂದಾಗ ಮಾತ್ರ ಅವನ ಬಾಯಿಗೆ ನೆಪ ಬರಲಿಲ್ಲ. ನೆಲಕ್ಕೆ ತಾಗುವಷ್ಟು ತಗ್ಗಾದ, ಎರಡೇ ಬಾಗಿಲಿನ, ಎರಡೇ ಸೀಟಿನ ಕಪ್ಪು ಸ್ಪೋರ್ಟ್ಸ್ ಕಾರು ಅದು. ಯಾರದೋ ಮನೆಯ ಬೇವಿನ ಮರದ ಕೆಳಗೆ ಬಹುಕಾಲ ನಿಂತು, ಬಿಸಿಲಿಗೆ ಬೆಳ್ಳಗಾಗಿ, ಹಕ್ಕಿ ಹಿಕ್ಕೆಯ ಕಲೆ ಹಿಡಿದಿದ್ದನ್ನು ಅವಳು ಕೊಂಡಿದ್ದಳು. ಎಂಜಿನ್ ಸರಿಯಾಗಿತ್ತು. ಬಣ್ಣ ಮಾತ್ರ ಹಳೇ ಹಂಚಿನಂತಿತ್ತು.

"ನಮ್ಮಪ್ಪ ಆಯಸ್ಸೆಲ್ಲ ಲಾರಿ ಓಡ್ಸಿದಾರೆ ನಾಗಣ್ಣ. ಒಂದಿನಾನೂ ಪಕ್ಕದ ಸೀಟ್‌ನಾಗೆ ಕುಂತಿಲ್ಲ. ಇದ್ರಾಗೆ ಅವರನ್ನ ಕೂರಿಸ್ಕಂಡು ಗೋವಾತನಕ ಹೋಗ್ಬೇಕು. ನೀವೇ ಮಾಡ್ಕೊಡ್ರಿ" ಎಂದಳು.

ಆ ಮಾತಿಗೆ ನಾಗಣ್ಣ ಕರಗಿದ. ಕಾರಿನ ಮೈಮೇಲೆ ಅಂಗೈ ಆಡಿಸಿದಾಗ ಹಳೆಯ ಹುಮ್ಮಸ್ಸು ಬಂತು. "ಬಿಟ್ಟು ಹೋಗ್ರಿ ಡಾಕ್ಟ್ರಮ್ಮ" ಎಂದುಬಿಟ್ಟ.

ಶೆಡ್ಡಿನ ಬಾಗಿಲು ಅರ್ಧ ಹಾಕಿಕೊಂಡು ಒಬ್ಬನೇ ಕೆಲಸಕ್ಕೆ ಕೂತ. ತೊಳೆದ, ಅಂಟಿದ ಕೊಳೆಯನ್ನು ಜೇಡಿಮಣ್ಣಿನಂಥ ಮೆತ್ತನೆ ಮುದ್ದೆಯಿಂದ ಉಜ್ಜಿ ತೆಗೆದ, ತಿರುಗುವ ಮೆಷಿನ್ ಹಿಡಿದು ಪಾಲಿಶ್ ಮಾಡಿದ. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ತಿಳಿದುಕೊಳ್ಳಲು ನೋಡಿದ. ನುಣುಪಾಗಿದೆ ಅನ್ನಿಸಿದಾಗ ಕೆಲಸ ಮುಗಿಯಿತು ಎಂದುಕೊಂಡ.

ದೇವಿಕಾ ಬಂದ ದಿನ ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದರು. ಕಾರಿನ ತುಂಬ ಜೇಡರ ಬಲೆ ಹರಡಿದಂತೆ ಸುತ್ತುಸುತ್ತಾದ ಗೀರುಗಳು ಮಿನುಗಿದವು. ಬಾನೆಟ್ಟಿನ ಅಂಚಿನಲ್ಲಿ ಅಂಗೈ ಅಗಲದ ಜಾಗ ಮಂಕಾಗಿತ್ತು. ಬಣ್ಣವನ್ನು ಕಾಯುವ ಮೇಲಿನ ಗಾಜಿನಂಥ ಪದರ ಅಲ್ಲಿ ಮೆಷಿನ್ನಿನ ಬಿಸಿಗೆ ಸುಟ್ಟು ಹೋಗಿತ್ತು.

"ಇದೇನು ನಾಗಣ್ಣ, ಇಲ್ಲಿ?" ಎಂದಳು ದೇವಿಕಾ.

"ಎಲ್ಲಿ?" ಎಂದು ಬಗ್ಗಿದ ನಾಗಣ್ಣ, ಬೇರೆಲ್ಲೋ ಬೆರಳಿಟ್ಟ.

ಟೀ ಹಿಡಿದು ಬಂದಿದ್ದ ಉಚ್ಚಂಗಮ್ಮ ಆ ಬೆರಳನ್ನು ನೋಡಿದಳು. ಲೋಟಗಳನ್ನು ಕೆಳಗಿಟ್ಟು ಗಂಡನ ಮುಖ ನೋಡಿದಳು. ನಾಗಣ್ಣ ನಿಧಾನಕ್ಕೆ ಎದ್ದು ನಿಂತ.

"ನನ್ ಕಣ್ಣಿಗೆ ಪೊರೆ ಬಂದೈತೆ ಡಾಕ್ಟ್ರಮ್ಮ. ಈ ಗಾಡಿ ನಾನು ಒಪ್ಕಬಾರದಿತ್ತು. ಬೇರೆ ಕಡೆ ತಗಂಡು ಹೋಗ್ರಿ" ಎಂದ.

ದೇವಿಕಾ ಸಿಟ್ಟಿನಲ್ಲೇ ಬೀಗದ ಕೈ ಇಸಿದುಕೊಂಡಳು. ಅಷ್ಟರಲ್ಲಿ ಉಚ್ಚಂಗಮ್ಮ ಬಾಯಿ ಹಾಕಿದಳು.

"ಗಾಡಿ ಇಲ್ಲೇ ಬಿಡ್ರಿ. ಇವರ ಕೈ ನೆಟ್ಟಗೈತೆ. ನೋಡೋ ಕೆಲಸ ನಾನು ನೋಡ್ತೀನಿ."

"ನೀವು ಈ ಕೆಲಸ ಮಾಡೀರಾ ಅಕ್ಕ?"

"ಇಲ್ಲ. ಮದಕರಿಪುರದಾಗೆ ನಮ್ಮಪ್ಪನ ಕುರಿ ಹಿಂಡು ಇತ್ತು. ಕರಿ ಕುರಿ ತುಪ್ಪಟದಾಗೆ ಉಣುಗು ಹುಡುಕಿ ಬೆಳ್ದೋಳು ನಾನು. ಇದ್ರಾಗೆ ತುಪ್ಪಟಾನೂ ಇಲ್ಲ."

ಕುರಿಗಳ ಮೈಯಲ್ಲಿ ರಕ್ತ ಹೀರುವ ಆ ಉಣುಗುಗಳನ್ನು ದಿನವೂ ನೋಡುವ ದೇವಿಕಾಗೆ ನಗು ತಡೆಯಲಾಗಲಿಲ್ಲ. "ಬಾನೆಟ್ ಮೊದ್ಲು ಮಾಡಿ ಫೋಟೋ ಕಳಿಸ್ರಿ. ಸರಿ ಬರ್ಲಿಲ್ಲ ಅಂದ್ರೆ ತಗೊಂಡು ಹೋಗ್ತೀನಿ" ಎಂದು ಬೀಗದ ಕೈ ವಾಪಸ್ ಕೊಟ್ಟಳು.

ಅವಳು ಅತ್ತ ಹೋದ ಮೇಲೆ ಉಚ್ಚಂಗಮ್ಮ ಕೇಳಿದಳು: "ಯಾವಾಗಿಂದ?"

"ಹೋದ ದೀಪಾವಳಿಯಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಪರೇಷನ್ ಅಂತಿದ್ದೆ."

ಉಚ್ಚಂಗಮ್ಮ ಗೂಡಂಗಡಿಯ ಬಾಗಿಲು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿನೊಳಗೆ ಬಂದಳು.

ಮೊದಲ ದಿನ ಮೆಷಿನ್ ಅವಳ ಕೈಗೆ ನಿಲ್ಲಲೇ ಇಲ್ಲ. ಅತ್ತಿತ್ತ ಎಳೆದಾಡಿ ಅವಳ ಸೀರೆಗೂ ಗಂಡನ ಮೀಸೆಗೂ ಬಿಳಿ ಪಾಲಿಶ್ ಸಿಡಿಸಿತು. "ಒತ್ತಬೇಡ. ಅದರ ಭಾರಕ್ಕೆ ಅದು ತಿರುಗ್ಲಿ" ಎಂದು ನಾಗಣ್ಣ ಅವಳ ಕೈಮೇಲೆ ಕೈಯಿಟ್ಟು ತೋರಿಸಿದ. ಪದರ ಬಿಸಿಯಾದಾಗ ಮೆಷಿನ್ನಿನ ಸದ್ದು ಹೇಗೆ ಬದಲಾಗುತ್ತದೆ, ಅಂಚುಗಳಲ್ಲಿ ಬಣ್ಣ ಏಕೆ ತೆಳ್ಳಗಿರುತ್ತದೆ, ಎಲ್ಲಿ ಕೈ ಎತ್ತಬೇಕು ಎಂದು ಹೇಳಿಕೊಟ್ಟ. ಅವಳು ಲೈಟು ಓರೆಯಾಗಿ ಹಿಡಿದು ಗೀರು ಎಲ್ಲಿಂದ ಎಲ್ಲಿಗಿದೆ ಎಂದು ಹೇಳುವಳು. ಜಗಳವೂ ಆಯಿತು. ಅವನು ಹೋಯಿತು ಎಂದರೆ ಅವಳು ಇಲ್ಲ ಎನ್ನುವಳು. ಅವನು ಮುನಿಸಿಕೊಂಡು ಹೊರಗೆ ಹೋಗಿ ಬೀಡಿ ಹಚ್ಚುವನು, ತುಸು ಹೊತ್ತಿಗೆ ತಾನೇ ಒಳಗೆ ಬರುವನು.

ಸುಟ್ಟುಹೋದ ಬಾನೆಟ್ಟಿಗೆ ಹೊಸದಾಗಿ ಬಣ್ಣ ಹೊಡೆಯಲೇಬೇಕಿತ್ತು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದರು. ಸ್ಪ್ರೇ ಗನ್ ಹಿಡಿದ ನಾಗಣ್ಣನ ಕೈ ಒಂದೇ ಸಮನೆ ಹೋಗಿ ಬರುತ್ತಿತ್ತು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡ ಉಚ್ಚಂಗಮ್ಮ ಬೆಳಕಿಗೆ ಕಣ್ಣಿಟ್ಟು ಹೇಳುತ್ತಿದ್ದಳು: "ಎಡಕ್ಕೆ ಇನ್ನೊಂದು ಕೈ ಹೊಡೀರಿ, ಒಣಕಲು ಕಾಣ್ತೈತೆ. ಸಾಕು, ಸಾಕು. ಬಣ್ಣ ಸೋರಿ ಇಳಿಯಂಗೈತೆ."

ಬಣ್ಣ ಗಟ್ಟಿಯಾದ ಮೇಲೆ ಸಣ್ಣ ಉಬ್ಬುತಗ್ಗು ಹೋಗಲೆಂದು ಅವನು ನೀರಿನಲ್ಲಿ ನೆನೆಸಿದ ನುಣ್ಣನೆ ಉಜ್ಜುಕಾಗದ ಕೊಟ್ಟ. ಅವಳು ಉಜ್ಜಿದಂತೆಲ್ಲ ಬಾನೆಟ್ ಬೂದಿಯ ಬಣ್ಣಕ್ಕೆ ತಿರುಗಿತು.

"ಅಯ್ಯೋ, ಕೆಡಿಸಿಬಿಟ್ನೇನ್ರಿ?"

"ಕೆಟ್ಟಂಗೇ ಕಾಣ್ಬೇಕು ಈಗ. ಮೆಷಿನ್ ತಗ."

ಮೆಷಿನ್ ಒಂದು ಸುತ್ತು ಹೋಗಿ ಬಂದದ್ದೇ, ಆ ಬೂದಿಯ ನಡುವೆ ಕಪ್ಪು ಎದ್ದು ಬಂತು. ಬಟ್ಟೆಯಿಂದ ಒರೆಸಿ ಬಗ್ಗಿದ ಉಚ್ಚಂಗಮ್ಮನಿಗೆ ತನ್ನ ಮೂಗುತಿ, ತಲೆಯ ಮೇಲಿನ ತಗಡಿನ ಗೆರೆಗಳು, ಪಕ್ಕದಲ್ಲಿ ಗಂಡನ ಕಾತರದ ಮುಖ ಎಲ್ಲವೂ ಕಂಡವು. ಅವಳು ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಹೆಂಗೈತೆ ಹೇಳೇ" ಎಂದ ನಾಗಣ್ಣ.

"ನೀವು ಹಲ್ಲು ಕಿರೀತಿರೋದು ಕಾಣ್ತೈತೆ" ಎಂದಳು.

ಫೋಟೋ ನೋಡಿದ ದೇವಿಕಾ ಪೂರ್ತಿ ಮಾಡಿ ಎಂದಳು. ಕೆಲಸವೆಲ್ಲ ಮುಗಿದ ಶನಿವಾರ ತಂದೆ ಕಾಟಲಿಂಗಪ್ಪನನ್ನೂ ಕರೆದುಕೊಂಡು ಬಂದಳು. ಕಾರನ್ನು ಬಿಸಿಲಿಗೆ ತಂದರು. ಮುದುಕ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ. "ಕೆರೆ ನೀರು ನಿಂತಂಗೈತಲ್ಲವ್ವ" ಎಂದ.

ದೇವಿಕಾ ಬಾಗಿಲು ತೆಗೆದು, "ಅಕ್ಕ, ಮೊದ್ಲು ನೀವು ಕುಂತ್ಕಳ್ರಿ. ಒಂದು ರೌಂಡ್ ಹೋಗಾಣ" ಎಂದಳು. ಉಚ್ಚಂಗಮ್ಮ ಬೇಡವೆನ್ನುತ್ತಲೇ ಕೂತಳು. ಕಾರು ಗುಡುಗಿ ಊರಿನ ಕಡೆ ಹೊರಟಿತು.

ಬಹಳ ಹೊತ್ತಿನ ಮೇಲೆ ಬಂದರು. ಕೆದರಿದ ಕೂದಲನ್ನು ಸರಿಮಾಡಿಕೊಳ್ಳುತ್ತ ಇಳಿದ ಉಚ್ಚಂಗಮ್ಮ, "ಮಂಗಳವಾರ ಬೆಳಿಗ್ಗೆ ಬರಕ್ಕೆ ಹೇಳ್ಯಾರೆ" ಎಂದಳು.

"ಯಾರು?"

"ಕಣ್ಣಿನ ಆಸ್ಪತ್ರೆಯೋರು. ಹೋಗಿ ಮಾತಾಡ್ಕಂಡೇ ಬಂದೀವಿ."

ನಾಗಣ್ಣ ಮುಖ ಗಂಟಿಕ್ಕಿ ದೊಡ್ಡಪ್ಪನ ಕತೆ ತೆಗೆದ. ಅದನ್ನು ಕೊನೆಯವರೆಗೂ ಕೇಳಿದ ಕಾಟಲಿಂಗಪ್ಪ, ಅವನ ಪಕ್ಕ ಬಂದು ಬೆಂಚಿನ ಮೇಲೆ ಕೂತ.

"ನಂಗೂ ಹೆದ್ರಿಕೆ ಇತ್ತಪ್ಪ. ಎದುರಿಗೆ ಬರೋ ಲಾರಿ ದೀಪ ಎರಡಿದ್ದಿದ್ದು ನಾಲ್ಕು ಕಾಣ್ತಿತ್ತು. ಆದ್ರೂ ಮುಚ್ಚಿಟ್ಕಂಡಿದ್ದೆ. ಮಗಳು ಎಳ್ಕಂಡು ಹೋಗಿ ಮಾಡಿಸಿದ್ಲು. ನೋಡು, ಅಗೋ ಆ ಗುಡ್ಡದ ಮೇಲಿನ ಕೋಟೆ ಕಲ್ಲು ಎಣಿಸ್ಲಾ?"

ನಾಗಣ್ಣ ಆ ಕಡೆ ತಿರುಗಿದ. ಅವನಿಗೆ ಅಲ್ಲಿ ಮಸುಕು ನೀಲಿಯಷ್ಟೇ ಕಂಡಿತು. ಮಂಗಳವಾರ ಬೆಳಿಗ್ಗೆ ತಾನೇ ಮೊದಲು ಅಂಗಿ ಹಾಕಿಕೊಂಡು ನಿಂತ.

ಬಲಗಣ್ಣಿನ ಆಪರೇಷನ್ ಆಯಿತು. ಗೋವಾಕ್ಕೆ ಹೋಗಿ ಬಂದ ದೇವಿಕಾ, ಮೈತುಂಬ ಧೂಳು ಹೊತ್ತ ಕಾರನ್ನು ತೊಳೆಸಲು ತಂದಾಗ ನಾಗಣ್ಣ ಮೊದಲ ಬಾರಿ ಅದನ್ನು ಸರಿಯಾಗಿ ನೋಡಿದ. ನೀರು ಹಾಕಿ ಒರೆಸಿ, ಒಂದು ಕಡೆಯಿಂದ ಕಣ್ಣು ಓಡಿಸುತ್ತ ಬಂದವನು ಬಾಗಿಲಿನ ಹಿಡಿಯ ಹತ್ತಿರ ನಿಂತ. ಕೂದಲೆಳೆಯಂಥ ಗೀರೊಂದು ಅದರ ಕೆಳಗಿತ್ತು.

"ಉಚ್ಚಂಗಿ, ಇದನ್ನ ನೋಡ್ಲಿಲ್ವ ನೀನು?"

"ನೋಡಿದ್ದೆ. ಅಲ್ಲಿ ಬಣ್ಣ ತೀರಾ ತೆಳ್ಳಗಿತ್ತು. ಇನ್ನೊಂದು ಸಲ ಮೆಷಿನ್ ಇಟ್ಟಿದ್ರೆ ಬಾನೆಟ್ಟಿಗಾದಂಗೇ ಆಗ್ತಿತ್ತು. ಇರ್ಲಿ ಅಂತ ಬಿಟ್ಟೆ. ಡಾಕ್ಟ್ರಮ್ಮಂಗೂ ಹೇಳೀನಿ."

ನಾಗಣ್ಣ ಆ ಗೀರಿನ ಮೇಲೆ ಬೆರಳಾಡಿಸಿದ. ಆ ಕೆಲಸ ತಾನೇ ಮಾಡಿದ್ದರೂ ಅದನ್ನು ಹಾಗೇ ಬಿಡುತ್ತಿದ್ದ. ಒದ್ದೆ ಬಟ್ಟೆ ಹಿಂಡಿ ಅವಳ ಕೈಗೆ ಕೊಟ್ಟು, "ಆ ಕಡೆ ನೀನು ಒರೆಸು, ಈ ಕಡೆ ನಾನು" ಎಂದ.

ಒರೆಸುತ್ತ ಕಾರಿನ ಆಚೆಯಿಂದ ಅವಳು ಕೇಳಿದಳು: "ಇನ್ನೊಂದು ಕಣ್ಣಿಂದು ಯಾವಾಗ್ರಿ?"

"ಮುಂದಿನ ವಾರ. ನಿನ್ನೆ ನಾನೇ ಹೋಗಿ ಹೇಳಿ ಬಂದೀನಿ" ಎಂದ ನಾಗಣ್ಣ.