ಕೊನೆಯ ಸಾಲಿನ ಕ್ರಿಕೆಟ್

ನಾನು ಚಿಕ್ಕವಳಿದ್ದಾಗ ನಮ್ಮ ಹಳೆಯ ರೇಡಿಯೊ ಕಾದರೆ ಅದರ ಬೆನ್ನಿನಿಂದ ಬಿಸಿ ಧೂಳಿನ ವಾಸನೆ ಬರುತ್ತಿತ್ತು. ಅಪ್ಪ ವಾರ್ತೆ ಹಚ್ಚಿದ್ದು, ನಾನು ಅಡುಗೆಮನೆಯಲ್ಲಿದ್ದರೂ, ನನಗೆ ತಿಳಿಯುತ್ತಿತ್ತು. ಅದೇ ವಾಸನೆ ಮೊನ್ನೆ ಭಾನುವಾರ ಮಾಧವರಂನ ನಮ್ಮ ಊಟದ ಮೇಜಿನಿಂದ ಬಂತು. ಮೊಮ್ಮಗಳು ಹರ್ಷಿಣಿ ಆಫೀಸಿನಿಂದ ತಂದ ಪೆಟ್ಟಿಗೆ ಅಲ್ಲಿ ಗುಂಯ್ ಎನ್ನುತ್ತಿತ್ತು. ಮನೆಯ ಇಂಟರ್ನೆಟ್ಟೆಲ್ಲ ಅದರೊಳಗಿಂದಲೇ ಹೋಗುವಂತೆ ಜೋಡಿಸಿದ್ದಳು.

“ಇದರೊಳಗೊಂದು ಚಿಪ್ ಇದೆ ಅಜ್ಜಿ. ಯಾವ್ದು ಮೊದ್ಲು ಹೋಗ್ಬೇಕು, ಯಾವ್ದು ಕಾಯ್ಬೇಕು ಅಂತ ನಾವೇ ಪ್ರೋಗ್ರಾಂ ಬರೆದು ಹಾಕ್ಬಹುದು. ರೂಲ್ ಚೇಂಜ್ ಆದ್ರೆ ಬೇರೆ ಬರೆದ್ರಾಯ್ತು, ಚಿಪ್ ಅದೇ.”

ಅವಳು ಬರೆದ ನಿಯಮ ಇಷ್ಟೇ: ಇಂಟರ್ನೆಟ್ಟಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಫೋನಿನ ಮಾತು ಮೊದಲು. ಸಂಜೆ ಅದನ್ನು ಬೆಂಗಳೂರಿನ ಮೇಲಧಿಕಾರಿ ವಂದನಾಗೆ ಇಂಟರ್ನೆಟ್ ಕರೆಯಲ್ಲೇ ತೋರಿಸಬೇಕು. ಇಲ್ಲದಿದ್ದರೆ ಈ ಕೆಲಸ ಅವಳ ಜೊತೆ ಕೆಲಸ ಮಾಡುವ ಮನೀಶ್ ಪಾಲಾಗುತ್ತದೆ. ಲ್ಯಾಬಿನಲ್ಲಿ ಎಸಿ ಕೆಟ್ಟಿದ್ದರಿಂದ ಪೆಟ್ಟಿಗೆಯನ್ನು ಮನೆಗೆ ತಂದಿದ್ದಳು. ಆದರೆ ಮನೆಯ ಇಂಟರ್ನೆಟ್ಟಿನಲ್ಲಿ ನೂಕುನುಗ್ಗಲೇ ಇರಲಿಲ್ಲ.

“ರಶ್ ತಾನೇ? ನಾನು ತರ್ತೀನಿ,” ಎಂದೆ.

ಭಜನೆ ಗುಂಪಿಗೆ ಹೇಳಿ ಕಳಿಸಿದೆ. ಅಂಬುಜಾ, ಬೇಬಿ, ಇನ್ನೂ ಒಂದಷ್ಟು ಹೆಂಗಸರು ಫೋನು ಹಿಡಿದು ಬಂದರು. ಎಲ್ಲರಿಗೂ ಒಂದೊಂದು ಧಾರಾವಾಹಿ ಹಂಚಿದೆ. ಒಳಕೋಣೆಯಲ್ಲಿ ನಮ್ಮ ಯಜಮಾನರ ಕ್ರಿಕೆಟ್ಟೂ ಅದೇ ಇಂಟರ್ನೆಟ್ಟಿನಲ್ಲಿ ನಡೆದಿತ್ತು.

“ಹರ್ಷಿ, ಒಬ್ಬರ ಮ್ಯಾಚನ್ನ ಎಲ್ಲರಿಗಿಂತ ಹಿಂದೆ ನಿಲ್ಲಿಸ್ಬಹುದಾ?”

“ಅಜ್ಜೀ! ಪಾವಂ ತಾತ, ಪಾಪ!” ಎಂದಳು. ಬೆರಳುಗಳು ಆಗಲೇ ಬರೆಯತೊಡಗಿದ್ದವು.

ವಂದನಾಳ ಕರೆ ಬಂತು. ಧಾರಾವಾಹಿಗಳು ಕುಂಟಿದವು.

“ಅಯ್ಯೋ, ಅತ್ತೆ ಕೈ ಎತ್ತಿದೋಳು ಹಾಗೇ ನಿಂತ್ಬಿಟ್ಲು!” ಎಂದಳು ಬೇಬಿ.

“ಕಾಲ್ ಚೆನ್ನಾಗಿದೆ ಹರ್ಷಿಣಿ,” ಎಂದಳು ವಂದನಾ. “ಆದ್ರೆ ನಿಜವಾಗ್ಲೂ ಅಲ್ಲಿ ರಶ್ ಇದೆ ಅಂತ ನಾನು ಹೇಗೆ ನಂಬ್ಲಿ?”

ಹರ್ಷಿಣಿಯ ಮುಖ ಬಾಡಿತು. ಆಗ ಒಳಕೋಣೆಯ ಬಾಗಿಲು ದಡಾರನೆ ತೆರೆಯಿತು.

“ಕಡೇ ಓವರು! ಬೌಲರ್ ಒಂದು ಕಾಲೆತ್ಕೊಂಡು ನಟರಾಜನ ಥರ ನಿಂತಿದಾನೆ! ಯಾರೇ ಅದು ನನ್ನ ನೆಟ್ ತಿಂದಿದ್ದು?”

ವಂದನಾ ಜೋರಾಗಿ ನಕ್ಕಳು. “ನಂಬಿದೆ! ತಾತನ ಬೈಗುಳ ಒಂದಕ್ಷರ ಬಿಡದೆ ಕೇಳಿಸ್ತು. ಈ ಕೆಲಸ ನಿನ್ನದೇ.”

ಯಜಮಾನರು ಪೆಟ್ಟಿಗೆಯನ್ನು ನೋಡಿದರು, ಹೆಂಗಸರನ್ನು ನೋಡಿದರು, ನನ್ನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

“ನನ್ನನ್ನ ಎಲ್ಲಿ ನಿಲ್ಲಿಸಿದ್ರಿ?”

“ಕೊನೇಲಿ, ತಾತ,” ಎಂದಳು ಹರ್ಷಿಣಿ. “ಅಜ್ಜಿ ಐಡಿಯಾ.”

ಅವರು ಅಡುಗೆಮನೆಗೆ ಹೋದರು. ಹುಡುಗಿ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಅವರಿಗೊಬ್ಬರಿಗೇ ನೆನಪಿತ್ತು. ಊಟ ಬಡಿಸಿ ತಂದರು, ಮೊದಲ ತಟ್ಟೆ ಅವಳಿಗೆ. ಆಮೇಲೆ ಬೇಬಿಗೆ, ಅಂಬುಜಾಗೆ, ಉಳಿದವರಿಗೆ. ನಾನು ಕೈ ಕಟ್ಟಿಕೊಂಡು ಕಾದೆ. ಎಲ್ಲರದೂ ಮುಗಿಯುತ್ತ ಬಂದಾಗ ಕೊನೆಯ ತಟ್ಟೆ ನನ್ನ ಕೈಗೆ ಕೊಟ್ಟರು: ಮೊಸರನ್ನ, ಅಂಚಿನಲ್ಲಿ ನನಗೊಬ್ಬಳಿಗೇ ಕರಿದ ಮಜ್ಜಿಗೆ ಮೆಣಸಿನಕಾಯಿ.